ಮಗಳಿಗೊಂದು ಪತ್ರ: ಶನಿವಾರದ ಕಾನ್ಸರ್ಟಿಗೆ ಹೊರಡೋ ಮುಂಚೆ

ಮಗಳೇ,

ನಿನ್ನೆ ರಾತ್ರಿ ಫೋನಲ್ಲಿ ಟಿಕೆಟ್ ತೋರಿಸಿ "ಅಮ್ಮಾ, ಸ್ಟ್ಯಾಂಡಿಂಗ್ ಸಿಕ್ತು, ಸ್ಟೇಜ್ ಮುಂದೇನೇ" ಅಂತ ಕುಣಿದೆಯಲ್ಲ, ಆಗ ನಾನು "ಹುಷಾರು ಕಣೇ" ಅಂತ ಒಂದೇ ಮಾತು ಹೇಳಿ ಒಳಗೆ ಹೋಗ್ಬಿಟ್ಟೆ. ನಿನ್ ಮುಖ ಸಪ್ಪಗಾಗಿದ್ದು ನೋಡ್ದೆ. ಇಷ್ಟ ಇಲ್ದೆ ಹೋಗಿದ್ದಲ್ಲ ಕಣೇ, ಹೇಳೋದು ಎಷ್ಟೊಂದಿತ್ತು ಅಂದ್ರೆ ಎಲ್ಲಿಂದ ಶುರು ಮಾಡ್ಲಿ ಅಂತಾನೇ ಗೊತ್ತಾಗ್ಲಿಲ್ಲ. ಅದಕ್ಕೇ ಕೂತ್ಕೊಂಡು ಬರೀತಿದೀನಿ. ಶನಿವಾರ ಹೊರಡೋ ಮುಂಚೆ ಪೂರ್ತಿ ಓದು.

ನಾನು ಮೊದಲ ಸಲ ರಾಕ್ ಕಾನ್ಸರ್ಟಿಗೆ ಹೋದಾಗ ನಿನಗಿಂತ ಒಂದೇ ವರ್ಷ ದೊಡ್ಡವಳು. ಗೇಟ್ ತೆಗೆಯೋ ಮೂರು ಗಂಟೆ ಮುಂಚೆನೇ ಲೈನಲ್ಲಿ ನಿಂತು, ಗೇಟ್ ತೆಗೆದ ತಕ್ಷಣ ಓಡಿ ಹೋಗಿ ಮುಂದಿನ ಬ್ಯಾರಿಕೇಡ್ ಹಿಡ್ಕೊಂಡಿದ್ದೆ. ಆ ಕಬ್ಬಿಣ ಎಷ್ಟು ತಣ್ಣಗಿತ್ತು ಅಂತ ಈಗ್ಲೂ ಅಂಗೈಗೆ ನೆನಪಿದೆ. ಬ್ಯಾಂಡ್ ಬರೋಕೆ ಇನ್ನೂ ತುಂಬಾ ಹೊತ್ತಿತ್ತು, ಆದ್ರೆ ಆ ಕಾಯೋದೇ ಒಂದು ಚೆಂದ. ಕಪ್ಪು ಬಟ್ಟೆ ಹಾಕ್ಕೊಂಡಿದ್ದ ಒಬ್ಬ ಬಂದು ಡ್ರಮ್ಮುಗಳನ್ನ ಒಂದೊಂದಾಗಿ ಬಡಿದು ನೋಡ್ದ, ಇನ್ನೊಬ್ಬ ಗಿಟಾರ್ ಶ್ರುತಿ ಮಾಡ್ದ, ಆಮೇಲೆ ಒಬ್ಬಳು ಮೈಕ್ ಹತ್ರ ಮಂಡಿಯೂರಿ ಕೂತು ಒಂದು ಬಿಳಿ ಹಾಳೆನ ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ಳು. ಅದೇ ಸೆಟ್‌ಲಿಸ್ಟ್, ಅವತ್ತು ನುಡಿಸೋ ಹಾಡುಗಳ ಪಟ್ಟಿ. ನಾವು ಮುಂದಿನ ಸಾಲಿನವರೆಲ್ಲ ಕತ್ತು ಉದ್ದ ಮಾಡಿ ತಲೆಕೆಳಗಾಗಿರೋ ಅಕ್ಷರ ಓದೋಕೆ ನೋಡಿದ್ವಿ, ಮೂರನೇ ಹಾಡು ಯಾವ್ದು ಅಂತ ಗೊತ್ತಾಗಿ ಪಕ್ಕದಲ್ಲಿದ್ದ ಹುಡುಗಿ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ಳು. ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ.

ಆಮೇಲೆ ಲೈಟ್ ಆರಿತು.

ಅದನ್ನ ಹೇಗೆ ಹೇಳ್ಲಿ. ಸಾವಿರಾರು ಜನ ಒಂದೇ ಕ್ಷಣಕ್ಕೆ ಉಸಿರು ಎಳ್ಕೊಂಡು ಒಂದೇ ಸಲ ಕೂಗಿದ ಹಾಗೆ. ಆ ಕೂಗಿನ ಮೇಲೆ ಕಾಲಲ್ಲಿ ಬಾರಿಸೋ ಆ ದೊಡ್ಡ ಕಿಕ್ ಡ್ರಮ್ಮಿನ ಮೊದಲನೇ ಏಟು ಬಿತ್ತು ನೋಡು, ಕಿವಿಗಿಂತ ಮೊದ್ಲು ಎದೆಗೆ ಬಿತ್ತು, ಬ್ಯಾರಿಕೇಡ್ ನಡುಗಿತು, ಹಾಕ್ಕೊಂಡಿದ್ದ ಅಂಗಿ ಕೂಡ ಅದುರ್ತಾ ಇತ್ತು. ನಮ್ಮ ಹೆಡ್‌ಫೋನು ಎಷ್ಟೇ ಒಳ್ಳೇದಿದ್ರೂ ಕಿವಿಗೆ ಮಾತ್ರ ನುಡಿಸತ್ತೆ, ಅಲ್ಲಿ ಸ್ಟೇಜಿನ ಕೆಳಗೆ ಸಾಲಾಗಿ ಇಟ್ಟಿರ್ತಾರಲ್ಲ ಸಬ್‌ವೂಫರು, ತಗ್ಗಿನ ಸ್ವರಕ್ಕೆ ಅಂತಲೇ ಇರೋ ದೊಡ್ಡ ಸ್ಪೀಕರು, ಅವು ಇಡೀ ಮೈಗೆ ನುಡಿಸ್ತವೆ. ಇಷ್ಟು ದಿನ ನಾನು ಕೇಳಿದ್ದು ಹಾಡಿನ ಅರ್ಧ ಮಾತ್ರ ಅಂತ ಆ ದಿನ ಅನ್ನಿಸ್ತು.

ನೀನು ಮುಂದೆ ನಿಲ್ಲೋದು ಸರಿ, ಆದ್ರೆ ಒಂದೆರಡು ಹಾಡಿಗಾದ್ರೂ ಹಿಂದೆ ಹೋಗಿ ನಿಂತು ನೋಡು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ, ಅಂದ್ರೆ ಸ್ಟೇಜಿಂದ 100 ಮೀಟರ್ ಹಿಂದೆ ಇರೋರಿಗೆ ಡ್ರಮ್ಮಿನ ಏಟು ಹತ್ತಿರತ್ರ ಒಂದು ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ ತಲುಪತ್ತೆ. ದೊಡ್ಡ ಮೈದಾನಗಳಲ್ಲಿ ಮಧ್ಯೆ ಟವರ್ ಕಟ್ಟಿ ಸ್ಪೀಕರ್ ಹಾಕಿರ್ತಾರೆ, ಆ ಸ್ಪೀಕರಿಗೆ ಹೋಗೋ ಸೌಂಡನ್ನ ಬೇಕಂತಲೇ ಅಷ್ಟೇ ತಡ ಮಾಡಿ ಕಳಿಸ್ತಾರೆ, ಇಲ್ದಿದ್ರೆ ಹಿಂದಿನವರಿಗೆ ಒಂದೇ ಏಟು ಎರಡೆರಡು ಸಲ ಕೇಳ್ಸತ್ತೆ. ಅದಕ್ಕೇ ಎಲ್ರೂ ತಲೆ ಮೇಲೆ ಕೈ ಎತ್ತಿ ಚಪ್ಪಾಳೆ ಹೊಡೆಯೋವಾಗ ಹಿಂದಿಂದ ನೋಡಿದ್ರೆ ಕೈಗಳು ಒಟ್ಟಿಗೆ ಬಡಿಯಲ್ಲ, ಮುಂದಿಂದ ಹಿಂದಕ್ಕೆ ಗದ್ದೆ ಮೇಲೆ ಗಾಳಿ ಹೋದ ಹಾಗೆ ಹೋಗತ್ತೆ. ಮುಂದೆ ನಿಂತವರಿಗೆ ಇದು ಕಾಣಿಸೋದೇ ಇಲ್ಲ.

ಜನ ಬರೀ ನೋಡೋಕೆ ಬಂದಿರ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. 1965ರ ಆಗಸ್ಟ್ 15ಕ್ಕೆ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಲ್ಲಿ ಬೀಟಲ್ಸ್ ನುಡಿಸಿದಾಗ 55,000ಕ್ಕೂ ಜಾಸ್ತಿ ಜನ ಸೇರಿದ್ರು. ಅಲ್ಲಿ ಸ್ಟೇಜ್ ಮೇಲಿರೋರಿಗೆ ತಮ್ಮ ಸೌಂಡ್ ತಮಗೆ ಕೇಳೋಕೆ ಮಾನಿಟರ್ ಸ್ಪೀಕರ್ ಇರ್ಲಿಲ್ಲ, ಜನರ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳ್ಸಲಿಲ್ಲ. ಮುಂದಿನ ವರ್ಷವೇ ಅವರು ಟೂರ್ ಮಾಡೋದು ನಿಲ್ಲಿಸಿಬಿಟ್ರು. ಆ ಶೇ ಸ್ಟೇಡಿಯಮ್ ಶೋ ಆಗಿ ಇಪ್ಪತ್ತು ವರ್ಷಕ್ಕೆ, 1985ರ ಜುಲೈ 13ಕ್ಕೆ, ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಲ್ಲಿ ಬರಗಾಲದ ನೆರವಿಗೆ ಹಣ ಕೂಡಿಸೋ ಲೈವ್ ಏಡ್ ಕಾನ್ಸರ್ಟ್ ನಡೀತು. ಕ್ವೀನ್ ಬ್ಯಾಂಡಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು ಅಷ್ಟೇ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಒಬ್ಬನೇ ನಿಂತು ಒಂದು ಸ್ವರ ಎಳೀತಾನೆ, ಸುಮಾರು 72,000 ಜನ ಅದನ್ನೇ ವಾಪಸ್ ಹಾಡ್ತಾರೆ, ಅವನು ಇನ್ನೊಂದು ಚೂರು ಕಷ್ಟದ್ದು ಎಳೀತಾನೆ, ಅವರು ಅದನ್ನೂ ಹಾಡ್ತಾರೆ. ಗಿಟಾರಿಲ್ಲ, ಡ್ರಮ್ಮಿಲ್ಲ, ಏನೂ ಇಲ್ಲ. ಆ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಪ್ರತಿ ಸಲ ನನ್ನ ಕಣ್ಣು ಹೋಗೋದು ಆ ಜನರ ಕಡೆಗೇ. ಹಾಗಾಗಿ ನೀನು ಹಾಡು, ಪದ ತಪ್ಪಿದ್ರೂ ಹಾಡು, ಗಂಟಲು ಕಟ್ಟಿದ್ರೆ ಎರಡು ದಿನದಲ್ಲಿ ಸರಿ ಹೋಗತ್ತೆ.

ಈಗ ಪಿಟ್ ವಿಷಯ. ಸ್ಟೇಜ್ ಮುಂದೆ ಜನ ತಾವೇ ಸರಿದು ಒಂದು ಗುಂಡಗಿನ ಜಾಗ ಮಾಡ್ತಾರೆ, ಡ್ರಮ್ ಜೋರಾದ ತಕ್ಷಣ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣೀತಾರೆ, ಹೊರಗಿಂದ ನೋಡೋರಿಗೆ ಹೊಡೆದಾಟ ಅನ್ಸತ್ತೆ. ಹೊಡೆದಾಟ ಅಲ್ಲ ಅದು. ನನಗೆ ಗೊತ್ತಾಗಿದ್ದು ಬಿದ್ದ ಮೇಲೆ. ಒಂದು ಶೂ ಜಾರಿ ಹೋಗಿ ಅಂಗಾತ ಬಿದ್ದೆ, ಸುತ್ತ ಬರೀ ಕಾಲುಗಳು, ಮುಗೀತು ಅಂದ್ಕೊಂಡೆ, ಅಷ್ಟರಲ್ಲಿ ಒಬ್ಬ ಗಡ್ಡದವನು ಎರಡೂ ಕೈ ಅಗಲ ಚಾಚಿ ಬೆನ್ನು ಕೊಟ್ಟು ಜನರನ್ನ ತಡೆದ, ಇನ್ನಿಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ್ರು, ಮತ್ತೊಬ್ಬ ನನ್ನ ಶೂ ಹುಡುಕಿ ತಲೆ ಮೇಲೆ ಎತ್ತಿ ಹಿಡ್ಕೊಂಡು "ಯಾರ್ದು, ಯಾರ್ದು" ಅಂತ ಕೂಗ್ತಾ ನಿಂತ. ಲೇಸ್ ಕಟ್ಟೋವರೆಗೂ ಆ ನಾಲ್ಕೂ ಜನ ನನ್ನ ಸುತ್ತ ಗೋಡೆ ಥರ ನಿಂತಿದ್ರು. ಮರುಕ್ಷಣ ಎಲ್ರೂ ಮತ್ತೆ ಕುಣಿಯೋಕೆ ಹೋದ್ರು. ಬಿದ್ದವರನ್ನ ಎತ್ತು, ಆ ಜಾಗದ ನಿಯಮ ಇದೊಂದೇ. ನೀನು ಕುಣಿಯೋವಾಗ ಆಗಾಗ ಕೆಳಗೆ ನೋಡ್ತಿರು. ಕುಣಿಯೋ ಮನಸ್ಸಿಲ್ದಿದ್ರೆ ಅಂಚಲ್ಲಿ ನಿಲ್ಲು, ಅಂಚಲ್ಲಿ ನಿಂತು ಬಂದು ಬೀಳೋರನ್ನ ಮೆಲ್ಲಗೆ ಒಳಗೆ ತಳ್ಳೋರೂ ಬೇಕಾಗ್ತಾರೆ.

ನಿನ್ನೆ "ಹುಷಾರು" ಅಂದಿದ್ದು ಪಿಟ್ ನೆನೆಸ್ಕೊಂಡಲ್ಲ. ನನಗೆ ಭಯ ಇರೋದು ಅಲುಗಾಡೋಕೂ ಜಾಗ ಇಲ್ದಿರೋ ಗುಂಪಿನ ಬಗ್ಗೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ಬ್ಯಾಂಡಿನ ಶೋಗೆ ಜನ ಹೊರಗೆ ಕಾಯ್ತಾ ಇದ್ರು, ಸೀಟಿಗೆ ನಂಬರ್ ಇಲ್ಲ, ಮೊದ್ಲು ಹೋದವರಿಗೆ ಮುಂದಿನ ಜಾಗ, ತೆಗೆದ ಬಾಗಿಲುಗಳು ಕೆಲವೇ ಕೆಲವು. ಆ ನೂಕುನುಗ್ಗಲಲ್ಲಿ 11 ಜನ ಸತ್ತರು. ಬ್ಯಾಂಡಿಗೆ ವಿಷಯ ಗೊತ್ತಾಗಿದ್ದು ಶೋ ಮುಗಿದ ಮೇಲೆ. 2000ದ ಜೂನ್ 30ಕ್ಕೆ ಡೆನ್ಮಾರ್ಕಿನ ರೊಸ್ಕಿಲ್ಡೆಯಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ನುಡಿಸ್ತಿದ್ದಾಗ ಸ್ಟೇಜ್ ಮುಂದಿನ ನೂಕಾಟಕ್ಕೇ 9 ಜನ ಸತ್ತರು, ಗಾಯಕ ಎಡ್ಡಿ ವೆಡರ್ ಹಾಡು ನಿಲ್ಲಿಸಿ "ಮೂರು ಹೆಜ್ಜೆ ಹಿಂದಕ್ಕೆ ಹೋಗಿ" ಅಂತ ಕೇಳ್ಕೊಂಡ. ಇಂಥ ಕಡೆ ತುಳಿತಕ್ಕೆ ಸಿಕ್ಕಿ ಸಾಯೋದಕ್ಕಿಂತ ಹೆಚ್ಚಾಗಿ ನಿಂತಲ್ಲೇ ಎದೆ ಹಿಗ್ಗೋಕೆ ಜಾಗ ಇಲ್ದೆ ಉಸಿರು ಕಟ್ಟಿ ಸಾಯ್ತಾರೆ. ಒಂದು ಚದರ ಮೀಟರಿಗೆ ಐದಾರು ಜನಕ್ಕಿಂತ ಜಾಸ್ತಿ ಆದ್ರೆ ಗುಂಪು ನೀರಿನ ಥರ ಆಡತ್ತೆ, ಹಿಂದೆ ಯಾರೋ ತಳ್ಳಿದ್ದು ಅಲೆಯಾಗಿ ಮುಂದಿನವರೆಗೂ ಬರತ್ತೆ, ತಳ್ಳಿದೋರಿಗೆ ಮುಂದೆ ಏನಾಯ್ತು ಅಂತ ಗೊತ್ತೇ ಆಗಲ್ಲ.

ಹಾಗಾಗಿ ಕೇಳು. ಎರಡೂ ಪಕ್ಕದವರ ಭುಜ ನಿನ್ನ ಭುಜಕ್ಕೆ ಒತ್ತಿ, ಕೈ ಎತ್ತಿ ಮುಖ ಮುಟ್ಕೊಳ್ಳೋಕೂ ಕಷ್ಟ ಅನ್ಸಿದ್ರೆ ಅಲ್ಲಿಂದ ಹೊರಡೋ ಹೊತ್ತಾಯ್ತು ಅಂತಲೇ ತಿಳ್ಕೋ, ನಿನ್ನಿಷ್ಟದ ಹಾಡು ನಡೀತಿದ್ರೂ ಹೊರಡು. ಎರಡೂ ಕೈನ ಮಡಿಸಿ ಎದೆ ಮುಂದೆ ಇಟ್ಕೋ, ಉಸಿರಾಡೋಕೆ ಅಷ್ಟಗಲ ಜಾಗ ಇರ್ಬೇಕು. ಅಲೆ ಬಂದಾಗ ಎದುರು ತಳ್ಳಬೇಡ, ಅದರ ಜೊತೆ ಹೋಗು, ನಿಂತ ತಕ್ಷಣ ಓರೆಯಾಗಿ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿ. ಫೋನ್ ಬಿದ್ರೆ ಬಗ್ಗಬೇಡ. ಫೋನ್ ಹೋದ್ರೆ ಹೋಯ್ತು, ನಾನೇನೂ ಅನ್ನಲ್ಲ. ಬ್ಯಾರಿಕೇಡ್ ಹತ್ರ ಇದ್ರೆ ಆಚೆ ನಿಂತಿರೋ ಸೆಕ್ಯುರಿಟಿಯವರಿಗೆ ಕೈ ಚಾಚು, ಎತ್ತಿ ಆಚೆ ಇಳಿಸ್ತಾರೆ, ನಾಚಿಕೆ ಪಡೋದು ಏನೂ ಇಲ್ಲ. ಪಕ್ಕದ ಹುಡುಗಿ ಬಿಳಿಚಿಕೊಂಡಿದ್ರೆ ಅವಳಿಗೋಸ್ಕರ ನೀನು ಕೂಗು. ಒಳಗೆ ಹೋದ ತಕ್ಷಣ ಬಂದ ಬಾಗಿಲು ಬಿಟ್ಟು ಇನ್ನೊಂದು ಬಾಗಿಲು ಎಲ್ಲಿದೆ ಅಂತ ನೋಡಿಟ್ಕೋ.

ಇನ್ನು ಕಿವಿ. ಚಿಕ್ಕವಳಿದ್ದಾಗ "ಚಳೀಲೂ ಯಾಕಮ್ಮಾ ಫ್ಯಾನ್ ಹಾಕ್ಕೊಂಡು ಮಲಗ್ತೀಯಾ" ಅಂತ ನೀನು ಕೇಳ್ತಿದ್ದೆ, ಹಾಗೇ ಅಭ್ಯಾಸ ಅಂತ ನಾನು ಹೇಳ್ತಿದ್ದೆ. ಅಭ್ಯಾಸ ಅಲ್ಲ. ನೀನು ಹುಟ್ಟೋಕೆ ಮುಂಚೆ ಒಂದು ಶೋನಲ್ಲಿ ಎಡಗಡೆ ಸ್ಪೀಕರ್ ಸ್ಟ್ಯಾಕ್ ಪಕ್ಕದಲ್ಲೇ ಎರಡೂವರೆ ಗಂಟೆ ನಿಂತಿದ್ದೆ. ಆಯೋಜಕರು ಸ್ಪೀಕರಿಗೂ ಜನರಿಗೂ ಮಧ್ಯೆ ಒಂದು ಹಗ್ಗ ಕೂಡ ಕಟ್ಟಿರ್ಲಿಲ್ಲ. ಮನೆಗೆ ಬಂದಾಗ ಕಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು, ಜೊತೆಗೆ ಒಂದು ಸಣ್ಣ ಸಿಳ್ಳೆ. ಬಲಗಿವಿದು ಮೂರು ದಿನಕ್ಕೆ ಹೋಯ್ತು. ಎಡಗಿವಿದು ಇವತ್ತಿಗೂ ಇದೆ, ಇದನ್ನ ಬರೀತಿರೋ ಈ ಹೊತ್ತಲ್ಲೂ ಕೇಳಿಸ್ತಿದೆ. ಫ್ಯಾನ್ ಸದ್ದಿದ್ರೆ ಅದು ಸ್ವಲ್ಪ ಮರೆಯಾಗತ್ತೆ.

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನ ಥರ ಸುತ್ತಿರೋ ಒಂದು ಭಾಗ ಇದೆ, ಅದರೊಳಗೆ ಶಬ್ದ ಹಿಡಿಯೋ ಕೂದಲಿನಂಥ ಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರ್ತವೆ. ಹಕ್ಕಿಗಳಿಗೆ ಅವು ಸತ್ರೆ ಮತ್ತೆ ಬೆಳೀತವೆ, ಮನುಷ್ಯರಿಗೆ ಬೆಳೆಯಲ್ಲ. ಸದ್ದಿನ ಜೋರನ್ನ ಡೆಸಿಬೆಲ್ಲಲ್ಲಿ ಅಳೀತಾರೆ, 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಅರ್ಧ ಆಗ್ತಾ ಹೋಗತ್ತೆ ಅಂತ ಲೆಕ್ಕ, 100ಕ್ಕೆ ಬಂದ್ರೆ ಬರೀ ಕಾಲು ಗಂಟೆ. ರಾಕ್ ಕಾನ್ಸರ್ಟಲ್ಲಿ ಮುಂದಿನ ಸಾಲಲ್ಲಿ 100 ದಾಟೋದು ಮಾಮೂಲು. ಆ ದಿ ಹೂ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಸೆಂಡ್ ಕೂಡ ತನ್ನ ಕಿವಿ ಹಾಳಾಗಿರೋದನ್ನ ಬಾಯಿಬಿಟ್ಟು ಹೇಳ್ಕೊಂಡಿದಾನೆ.

ನಿನ್ನ ಕಪ್ಪು ಜಾಕೆಟ್ಟಿನ ಒಳಗಿನ ಜೇಬಲ್ಲಿ ಒಂದು ಸಣ್ಣ ಡಬ್ಬಿ ಇಟ್ಟಿದೀನಿ. ಅದರಲ್ಲಿರೋ ಪಾರದರ್ಶಕ ಪ್ಲಗ್ ನಿಂದು, ಒಳಗೆ ಫಿಲ್ಟರ್ ಇದೆ, ಎಲ್ಲಾ ಸ್ವರಾನೂ ಒಂದೇ ಅಳತೆಯಲ್ಲಿ ತಗ್ಗಿಸತ್ತೆ, ಹಾಡು ಮಂಕಾಗಲ್ಲ, ಪದ ಇನ್ನೂ ಬಿಡಿಬಿಡಿಯಾಗಿ ಕೇಳ್ಸತ್ತೆ ಬೇಕಾದ್ರೆ ನೋಡು. ಇನ್ನೊಂದು ಕೈಯಲ್ಲಿ ಕಿವಿನ ಮೇಲಕ್ಕೆ ಎಳ್ಕೊಂಡು ಹಾಕ್ಕೋ, ಆಗ ಸಲೀಸಾಗಿ ಒಳಗೆ ಕೂರತ್ತೆ. ಕಿತ್ತಳೆ ಬಣ್ಣದ ಸ್ಪಂಜಿನದು ನಿನ್ನ ಫ್ರೆಂಡಿಗೆ, ಅದನ್ನ ಬೆರಳಲ್ಲಿ ತೆಳ್ಳಗೆ ಹೊಸೆದು ಕಿವಿಗಿಟ್ಟು, ಒಳಗೆ ಊದ್ಕೊಳ್ಳೋವರೆಗೂ ಬೆರಳು ತೆಗೀಬಾರ್ದು ಅಂತ ಹೇಳು. ಲೈಟ್ ಆರೋ ಮುಂಚೆನೇ ಹಾಕ್ಕೊಳ್ಳಿ ಇಬ್ರೂ.

ವಿಡಿಯೋ ಒಂದು ಹಾಡಿಗೆ ಸಾಕು. ಮೊದಲು ನುಡಿಸೋ ಸಣ್ಣ ಬ್ಯಾಂಡಿಗೂ ಚೆನ್ನಾಗಿ ಚಪ್ಪಾಳೆ ಹೊಡಿ, ಅರ್ಧ ಖಾಲಿ ಇರೋ ಜಾಗಕ್ಕೆ ನುಡಿಸೋದು ಕಷ್ಟ. ಕೊನೆಗೆ ಬ್ಯಾಂಡ್ ಒಳಗೆ ಹೋದ್ರೂ ಲೈಟ್ ಪೂರ್ತಿ ಹತ್ತಿಲ್ಲ ಅಂದ್ರೆ ಹೊರಡಬೇಡ, ಮತ್ತೆ ಬರ್ತಾರೆ. ತೋರುಬೆರಳು ಕಿರುಬೆರಳು ಎತ್ತಿ ಕೊಂಬಿನ ಥರ ತೋರಿಸ್ತಾರಲ್ಲ, ಅದನ್ನ ಹೆವಿ ಮೆಟಲ್ ಸಂಗೀತದ ಲೋಕದಲ್ಲಿ ಹಬ್ಬಿಸಿದ ಗಾಯಕ ರಾನಿ ಜೇಮ್ಸ್ ಡಿಯೋಗೆ ಅದು ಬಂದಿದ್ದು ಅವನ ಅಜ್ಜಿಯಿಂದ, ಕೆಟ್ಟ ದೃಷ್ಟಿ ತಾಗದೆ ಇರ್ಲಿ ಅಂತ ಆ ಅಜ್ಜಿ ಹಾಗೆ ಬೆರಳು ಮಾಡ್ತಿದ್ಳಂತೆ. ಅಲ್ಲಿ ಸಾವಿರಾರು ಕೈ ಹಾಗೆ ಎದ್ದಾಗ ಅದರಲ್ಲಿ ಒಂದು ನಿನಗೋಸ್ಕರ ನಾನು ಎತ್ತಿದ್ದು ಅಂದ್ಕೋ.

ಮುಗಿದ ಮೇಲೆ ಎಷ್ಟೇ ಹೊತ್ತಾಗಿದ್ರೂ ಫೋನ್ ಮಾಡು. ಮೊದಲನೇ ಹಾಡು ಯಾವ್ದು ನುಡಿಸಿದ್ರು ಅಂತ ಹೇಳು, ಗಂಟಲು ಹೋಗಿದ್ರೆ ಪಿಸುಮಾತಲ್ಲೇ ಹೇಳು. ಫೋನ್ ಬಲಗಿವಿಗೇ ಇಟ್ಕೊಂಡಿರ್ತೀನಿ, ಕೇಳ್ಸತ್ತೆ.

ನಿನ್ನ ಅಮ್ಮ