ತಮ್ಮನಿಗೆ, ಸಭೆಯ ಚಂದಾ ವಿಷಯವಾಗಿ

ಸ್ಟುಟ್‌ಗಾರ್ಟ್, ಜರ್ಮನಿ
ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ ಮತ್ತು ತಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಇಲ್ಲಿ ಕ್ಷೇಮ. ಈ ವಾರದ ನೈಟ್ ಡ್ಯೂಟಿ ಮುಗಿಯಿತು, ನಾಳೆ ರಜೆ. ಅಮ್ಮ, ನೀನು ಕಳಿಸಿದ ಹುಳಿಪುಡಿ ಬಂತು, ಡಬ್ಬಿ ಒಡೆದಿರಲಿಲ್ಲ. ಅಜ್ಜಿಗೆ ಮಂಡಿಯ ವ್ಯಾಯಾಮ ಬಿಡಿಸಬೇಡಿ. ನೋವು ಅಂತ ಕೂತುಬಿಟ್ಟರೆ ಮಂಡಿ ಇನ್ನೂ ಗಟ್ಟಿಯಾಗುತ್ತದೆ, ಇದು ನರ್ಸಾಗಿ ಹೇಳುತ್ತಿರುವ ಮಾತು.

ಉಳಿದದ್ದೆಲ್ಲ ತಮ್ಮನಿಗೆ. ಅಪ್ಪ ಅಮ್ಮನೂ ಓದಲಿ ಅಂತಲೇ ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ.

ಸಂಬಳ ಬರೋಕೆ ಶುರುವಾದ ಮೇಲೆ ದಶಮಾಂಶ, ಅಂದರೆ ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು, ದೇವರಿಗೆ ಅಂತ ಎತ್ತಿಡುತ್ತಿದ್ದೀನಿ ಅಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತು. ಈ ವಯಸ್ಸಿನಲ್ಲಿ, ಬೆಂಗಳೂರಿನ ಖರ್ಚಿನಲ್ಲಿ, ಯಾರೂ ಹೇಳದೆ ಅಷ್ಟು ಮಾಡುವ ಹುಡುಗರು ಎಷ್ಟು ಜನ? ಆದರೆ ಅದರಲ್ಲಿ ನಮ್ಮ ಸಭೆಗೆ, ನಮ್ಮ ಚರ್ಚಿಗೆ, ಒಂದು ರೂಪಾಯಿಯೂ ಕೊಡಲ್ಲ, ಎಲ್ಲವನ್ನೂ ಉತ್ತರದ ಕಡೆ ಸೇವೆ ಮಾಡುವ ಮಿಷನರಿಗಳಿಗೆ ನೇರವಾಗಿ ಆನ್‌ಲೈನ್‌ನಲ್ಲಿ ಹಾಕ್ತೀನಿ ಅಂದೆ. "ಸಭೆಗೆ ಕೊಟ್ಟರೆ ಸುಣ್ಣಬಣ್ಣ, ಕರೆಂಟ್ ಬಿಲ್, ಮೈಕ್ ಸೆಟ್ಟು. ಸುವಾರ್ತೆಗೆ ಏನು ಹೋಗುತ್ತೆ ಹೇಳು" ಅಂತ ಕೇಳಿದೆ. ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಅವಸರದಲ್ಲಿ ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ.

ಮೊದಲು ಲೆಕ್ಕ ನೋಡು. ಆರಾಧನೆ ಮುಗಿದ ಮೇಲೆ ಅಪ್ಪ ವೆಸ್ಟ್ರಿಯಲ್ಲಿ, ಚರ್ಚಿನ ಪಕ್ಕದ ಕೋಣೆಯಲ್ಲಿ, ಕೂತು ಏನು ಮಾಡ್ತಾರೆ ಅಂತ ಒಂದು ಭಾನುವಾರ ಬಾಗಿಲಲ್ಲಿ ನಿಂತು ನೋಡಿದ್ದೀಯಾ? ಕಾಣಿಕೆ ಚೀಲ ಮೇಜಿನ ಮೇಲೆ ಸುರಿದು, ಹತ್ತರ ನೋಟು, ಐವತ್ತರ ನೋಟು ಬೇರೆ ಬೇರೆ ಮಾಡಿ, ಚಿಲ್ಲರೆಯನ್ನು ಹತ್ತು ಹತ್ತರ ಗುಡ್ಡೆ ಹಾಕಿ, ಇನ್ನೊಬ್ಬ ಕಮಿಟಿ ಸದಸ್ಯರು ಮತ್ತೆ ಎಣಿಸಿದ ಮೇಲೆ ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಚಂದಾ ಕವರು ಬೇರೆ, ಸ್ತೋತ್ರ ಕಾಣಿಕೆ ಬೇರೆ, ಕಟ್ಟಡದ ನಿಧಿ ಬೇರೆ. ಹುಟ್ಟುಹಬ್ಬಕ್ಕೆ, ಮಗುವಿನ ಪರೀಕ್ಷೆ ಪಾಸಾದದ್ದಕ್ಕೆ, ಆಪರೇಷನ್ ಸುಸೂತ್ರವಾಗಿ ಆದದ್ದಕ್ಕೆ ಅಂತ ಕವರಿನ ಮೇಲೆ ಬರೆದುಕೊಟ್ಟ ಅಕ್ಷರಗಳನ್ನು ಅಪ್ಪ ಒಂದೊಂದಾಗಿ ಓದುತ್ತಾರೆ. ನಾನು ಸಂಡೇ ಸ್ಕೂಲ್ ಮುಗಿಸಿ ಅಪ್ಪನಿಗಾಗಿ ಕಾಯುತ್ತಾ ಅದನ್ನೆಲ್ಲ ನೋಡಿಕೊಂಡೇ ಬೆಳೆದವಳು.

ಆ ದುಡ್ಡು ನಮ್ಮ ಕಾಂಪೌಂಡಿನಲ್ಲೇ ಉಳಿಯೋದಿಲ್ಲ. ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಸಭೆ. ಪ್ರತಿ ಪಾಸ್ಟರೇಟೂ, ಅಂದರೆ ಒಬ್ಬ ಪಾಸ್ಟರ್ ನೋಡಿಕೊಳ್ಳುವ ಸಭೆ, ಡಯೋಸಿಸ್‌ಗೆ (ಬಿಷಪ್ಪರ ಆಡಳಿತಕ್ಕೆ) ಅಸೆಸ್‌ಮೆಂಟ್ ಅಂತ ನಿಗದಿಯಾದ ಪಾಲು ಕಟ್ಟಬೇಕು, ಪಾಸ್ಟರುಗಳ ಸಂಬಳ ಬರೋದು ಆ ಕಡೆಯಿಂದ. ತುಮಕೂರು, ಕೋಲಾರದ ಕಡೆ ಹದಿನೈದು ಇಪ್ಪತ್ತು ಮನೆಗಳಿರುವ ಹಳ್ಳಿಸಭೆಗಳು ತಾವೇ ಒಬ್ಬ ಪಾಸ್ಟರನ್ನು ಸಾಕಲಾರವು. ರಾಗಿ ಬಂದರೆ ಕಾಣಿಕೆ, ಮಳೆ ಕೈಕೊಟ್ಟರೆ ಅದೂ ಇಲ್ಲ. ಆದರೂ ಅಲ್ಲಿ ಮಗುವಿಗೆ ದೀಕ್ಷಾಸ್ನಾನ ಆಗುತ್ತದೆ, ಸಾವಿನ ಮನೆಗೆ ರಾತ್ರಿ ಹೊತ್ತು ಬಂದು ಪ್ರಾರ್ಥಿಸುವವರು ಇರುತ್ತಾರೆ. ಬೆಂಗಳೂರಿನ ಸಭೆಗಳು ತಿಂಗಳು ತಿಂಗಳು ಕಟ್ಟುವ ಹಣಕ್ಕೂ ಅದಕ್ಕೂ ನೇರ ಸಂಬಂಧ ಇದೆ. ಆ ಹಳ್ಳಿಯ ಫೋಟೋ ನಿನ್ನ ಮೊಬೈಲಿಗೆ ಬರುವುದಿಲ್ಲ, ಅಷ್ಟೇ. ನೀನು ದುಡ್ಡು ಹಾಕುವ ಕಡೆಯಿಂದ ತಿಂಗಳಿಗೊಂದು ವಿಡಿಯೋ ಬರುತ್ತದೆ. ಅದು ಒಳ್ಳೆಯದೇ. ಆದರೆ ಕಾಣುವ ಕೆಲಸಕ್ಕೆ ಮಾತ್ರ ಕೊಡುತ್ತಾ ಹೋದರೆ ಕಾಣದ ಹಳ್ಳಿಯ ಗತಿ ಏನು?

ಇನ್ನು ಸುಣ್ಣಬಣ್ಣದ ಮಾತು. 2020ರ ಮಾರ್ಚ್ ನಿನಗೆ ನೆನಪಿರಬೇಕು. ಲಾಕ್‌ಡೌನ್ ಆಗಿ ಗಾರ್ಮೆಂಟ್ಸ್ ಮುಚ್ಚಿದವು, ಪೇಂಟಿಂಗ್ ಕೆಲಸದವರು, ಮನೆಗೆಲಸದವರು ಎಲ್ಲರೂ ಒಂದೇ ಸಲ ಕೂತರು. ಯಾರ ಮನೆಯಲ್ಲಿ ಅಕ್ಕಿ ಇಲ್ಲ ಅಂತ ಸಭೆಗೆ ಹೇಗೆ ಗೊತ್ತಾಯಿತು? ಅಮ್ಮನ ಚಂದಾ ಪುಸ್ತಕದಿಂದ. ಮಹಿಳಾ ಅನ್ಯೋನ್ಯ ಕೂಟದ ಹೆಂಗಸರು ಇಬ್ಬಿಬ್ಬರಾಗಿ ತಿಂಗಳಿಗೊಮ್ಮೆ ಬೀದಿ ಬೀದಿ ಸುತ್ತುತ್ತಾರಲ್ಲ, ನೂರು ರೂಪಾಯಿ ರಸೀದಿ ಹರಿಯೋಕೆ ಹೋದವರು ಒಳಗೆ ಕರೆದರೆ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ. ಮಗನಿಗೆ ಕೆಲಸ ಹೋಯಿತು, ಗಂಡನಿಗೆ ಶುಗರ್ ಜಾಸ್ತಿಯಾಗಿ ಕಾಲು ಗಾಯ ವಾಸಿಯಾಗ್ತಿಲ್ಲ, ಇವೆಲ್ಲ ಆಗ ಹೊರಗೆ ಬರುತ್ತವೆ. ಕೊಡೋಕಾಗದ ಮನೆಯ ಮುಂದೆ ಅಮ್ಮ ಒಂದು ಚುಕ್ಕಿ ಇಡುತ್ತಿದ್ದಳು, ಮುಂದಿನ ತಿಂಗಳು ಅಲ್ಲಿ ಕೇಳಬಾರದು ಅಂತ. ಲಾಕ್‌ಡೌನ್‌ನಲ್ಲಿ ಆ ಚುಕ್ಕಿಗಳೇ ರೇಷನ್ ಪಟ್ಟಿಯಾದವು. ಆಮೇಲೆ ಪಟ್ಟಿ ಬೆಳೆಯಿತು. ಪಕ್ಕದ ಶೆಡ್ಡಿನಲ್ಲಿದ್ದ ಬಿಹಾರದ ಕಟ್ಟಡ ಕೆಲಸದವರೂ ಸೇರಿದರು. ಅವರು ಯಾವ ಸಭೆಯವರು ಅಂತ ಯಾರೂ ಕೇಳಲಿಲ್ಲ. ಅಡುಗೆಯಾದದ್ದು ಸಭೆಯ ಹಾಲಿನ ಹಿಂದೆ, ಸುಗ್ಗಿ ಹಬ್ಬದ ಊಟಕ್ಕೆ ಅಂತ ಕೊಂಡಿದ್ದ ದೊಡ್ಡ ಪಾತ್ರೆಗಳಲ್ಲಿ. ಅಕ್ಕಿ ಮೂಟೆ ಒಣಗಿದ್ದ ಜಾಗದಲ್ಲಿ ಉಳಿದದ್ದು, ಹಿಂದಿನ ವರ್ಷ ಚಾವಣಿ ಸೋರದಂತೆ ರಿಪೇರಿ ಮಾಡಿಸಿದ್ದರಿಂದ. ನೀನೇ ಹೆಗಲ ಮೇಲೆ ಮೂಟೆ ಹೊತ್ತಿದ್ದೀಯ. ಆ ಹಾಲು, ಆ ಪಾತ್ರೆ, ಆ ಗ್ಯಾಸು, ಎಲ್ಲವೂ ನೀನು ಈಗ ಬೇಡ ಅನ್ನುವ ಖರ್ಚಿನ ಪಟ್ಟಿಯಲ್ಲೇ ಇದ್ದವು. ಅಂಥ ದಿನ ಬಂದ ಮೇಲೆ ಸಭೆಯನ್ನು ಕಟ್ಟೋಕಾಗಲ್ಲ ತಮ್ಮ, ಮೊದಲೇ ಇರಬೇಕು.

ನಾನಿರುವ ಈ ಸೀಮೆಯ ಕಥೆ ಹೇಳಬೇಕು, ಇದು ನಮ್ಮ ಕನ್ನಡಕ್ಕೂ ಸೇರಿದ್ದು. ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಮಂಗಳೂರಿಗೆ ಅವರ ಮಿಷನರಿಗಳು ಬಂದದ್ದು 1834ರಲ್ಲಿ. ಅದರ ಮಿಷನರಿಗಳಲ್ಲಿ ಬಹಳಷ್ಟು ಜನ ಈ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳವರು, ರೈತರ, ಕುಶಲಕರ್ಮಿಗಳ ಮಕ್ಕಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದು, ತೀರಿಕೊಂಡದ್ದು ಇಲ್ಲೇ ಸುತ್ತಮುತ್ತ. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ನನ್ನ ಮನೆಯಿಂದ ರೈಲು ಹತ್ತಿದರೆ ಬೇಗ ತಲುಪುವ ಊರು.

ಇವರನ್ನೆಲ್ಲ ಕಳಿಸೋಕೆ ದುಡ್ಡು ಎಲ್ಲಿಂದ ಬಂತು? ದೊಡ್ಡ ದಾನಿಗಳು ಇದ್ದರು, ನಿಜ. ಆದರೆ 1850ರ ದಶಕದಲ್ಲಿ ಬಾಸೆಲ್‌ನವರು ಒಂದು ಏರ್ಪಾಡು ಮಾಡಿದರು: ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಕೂಲಿಯವರೂ ಕೊಡಬಹುದಾದ ಪುಡಿಕಾಸು. ಅದನ್ನು ಮನೆ ಮನೆಗೆ ಹೋಗಿ ಕೂಡಿಸುವವರು ಇದ್ದರು, ಜೊತೆಗೆ ಮಿಷನ್ನಿನ ಸುದ್ದಿಯ ಹಾಳೆಯನ್ನೂ ಹಂಚುತ್ತಿದ್ದರು. ಇದನ್ನು ಓದಿದಾಗ ನನಗೆ ಅಮ್ಮನ ಬಟ್ಟೆ ಚೀಲ, ರಸೀದಿ ಪುಸ್ತಕ ಕಣ್ಣ ಮುಂದೆ ಬಂತು. ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಈ ಸೀಮೆಯ ಯಾವುದೋ ಹಳ್ಳಿಯಲ್ಲಿ ಹಸು ಕರೆದು ಬದುಕುತ್ತಿದ್ದ ಹೆಂಗಸು ಕನ್ನಡದ ಒಂದಕ್ಷರ ಕಂಡವಳಲ್ಲ. ಅವಳು ತನ್ನ ಊರಿನ ಸಭೆಯಲ್ಲಿ ವಾರ ವಾರ ಕೊಟ್ಟಳು, ಆ ಊರಿನ ಸಭೆ ಬಾಸೆಲ್‌ಗೆ ಕೊಟ್ಟಿತು, ಬಾಸೆಲ್ ಮಂಗಳೂರಿಗೆ ಕೊಟ್ಟಿತು. ಊರಿನ ಸಭೆ ಬಲವಾಗಿರದಿದ್ದರೆ ಆ ದಾರಿ ಮೊದಲ ಹೆಜ್ಜೆಗೇ ನಿಂತುಹೋಗುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಅವರ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೊರಗಿನ ಹಣ, ಹೊರಗಿನ ಜನ ಹೋದ ಮೇಲೂ ಉಳಿದದ್ದು ಕರಾವಳಿಯ ಸಭೆಗಳು. ಇಂದಿಗೂ ಅಲ್ಲಿ ಭಾನುವಾರ ಗಂಟೆ ಹೊಡೆಯುತ್ತದೆ. ಈಗಂತೂ ವಿದೇಶಿ ದೇಣಿಗೆಯ ಕಾನೂನು, ಅದರಲ್ಲೂ 2020ರ ತಿದ್ದುಪಡಿಯ ಮೇಲೆ, ಬಹಳ ಬಿಗಿಯಾಗಿದೆ. ಹೊರದೇಶದವರು ನೋಡಿಕೊಳ್ಳುತ್ತಾರೆ ಅಂತ ನಮ್ಮ ಸಭೆಗಳು ಕೂರುವಂತಿಲ್ಲ, ಕೂರಲೂಬಾರದು. (ಅಪ್ಪ, ನೀವು ಕೇಳಿದ್ದಕ್ಕೆ ಉತ್ತರ: ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಇಲ್ಲಿನ ಪೌರತ್ವ ತೆಗೆದುಕೊಂಡು ಒಸಿಐ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆ, ಆದವರಿಗೆ ಲೆಕ್ಕ ಬೇರೆ. ಕಮಿಟಿಯಲ್ಲಿ ಸಂಶಯ ಇದ್ದರೆ ಆಡಿಟರ್ ಹತ್ತಿರ ಕೇಳಿಸಿಬಿಡಿ.)

ಇಲ್ಲಿ ಸಭೆಗೆ ಕೊಡುವ ರೀತಿಯೇ ಬೇರೆ. ಸಭೆಯ ಸದಸ್ಯರಾದರೆ ವರಮಾನ ತೆರಿಗೆಯ ಮೇಲೆ ನೂರಕ್ಕೆ 8ರಷ್ಟು ಚರ್ಚ್ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಈ ರಾಜ್ಯದಲ್ಲೂ ಬವೇರಿಯಾದಲ್ಲೂ 8, ಉಳಿದ ಕಡೆ 9. ಬೇಡ ಅನ್ನಿಸಿದವರು ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸುತ್ತಾರೆ. 2023ರಲ್ಲಿ ಕಥೋಲಿಕ, ಪ್ರೊಟೆಸ್ಟಂಟ್ ಎರಡೂ ಸೇರಿ ಏಳು ಲಕ್ಷಕ್ಕೂ ಹೆಚ್ಚು ಜನ ಹಾಗೆ ಹೊರಗೆ ಹೋದರು. ಸಭೆಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಾರೆ, ಕಟ್ಟಡಗಳನ್ನು ಮಾರುತ್ತಿದ್ದಾರೆ. ತೆರಿಗೆಯೇ ಕಾರಣ ಅಂತ ನಾನು ಹೇಳಲ್ಲ, ಕಾರಣ ಹತ್ತಾರು. ಆದರೆ ನನ್ನ ವಾರ್ಡಿನಲ್ಲಿ ಒಬ್ಬ ವೃದ್ಧೆ ಇದ್ದರು, ಬದುಕಿಡೀ ಚರ್ಚ್ ತೆರಿಗೆ ಕಟ್ಟಿದವರು. ಅವರ ಊರಿನ ಸಭೆಯಿಂದ ಅವರನ್ನು ನೋಡೋಕೆ ಯಾರೂ ಬರಲಿಲ್ಲ. ಆ ಊರಿನಲ್ಲಿ ಈಗ ಸಭೆಯೇ ಇಲ್ಲ ಅಂದರು. ಇಂಥ ಊರುಗಳ ಸಭೆಯ ಜನವೇ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಕಾಣಿಕೆಯನ್ನು 1959ರಿಂದ ನಡೆಯುತ್ತಿರುವ 'ಬ್ರೋಟ್ ಫ್ಯುರ್ ಡೀ ವೆಲ್ಟ್' ಸಂಸ್ಥೆಗೆ, ಜಗತ್ತಿನ ಹಸಿದವರಿಗಾಗಿ ಕೊಟ್ಟವರು. ಒಂದು ಊರಿನ ಸಭೆ ಮುಚ್ಚಿದಾಗ ಆ ರಾತ್ರಿಯ ಕಾಣಿಕೆಯೂ ಅಲ್ಲಿಗೆ ಮುಗಿಯಿತು.

ನಮ್ಮ ದೇಶದಲ್ಲೇ ಮಿಜೋರಾಂ ನೋಡು. 1910ರಿಂದ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಪ್ರತಿ ಸಲ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಡುತ್ತಾರೆ. ಆ ಅಕ್ಕಿ ಊರಿನ ಸಭೆಗೆ ಹೋಗಿ ಮಾರಾಟವಾಗಿ ಸೇವೆಗೆ ದುಡ್ಡಾಗುತ್ತದೆ. ನೀನು ಹೇಳುವ ಉತ್ತರದ ಸೇವೆಗೆ ಅಲ್ಲಿಂದಲೂ ಮಿಷನರಿಗಳು ಹೋಗಿದ್ದಾರೆ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ತೆಗೆದು ಓದು. ಅವನು ಥೆಸಲೊನೀಕದಲ್ಲಿದ್ದಾಗಲೂ ಒಂದೆರಡು ಸಲ ಅವನ ಕೊರತೆ ನೀಗಿಸಿದ್ದು ಆ ಒಂದು ಊರಿನ ಸಭೆ. ಒಬ್ಬೊಬ್ಬರಾಗಿ ಹಣ ಕಳಿಸಿದರು ಅಂತ ಅಲ್ಲಿಲ್ಲ, ಸಭೆ ಅವನ ಕೆಲಸದಲ್ಲಿ ಪಾಲು ತೆಗೆದುಕೊಂಡಿತು ಅಂತಿದೆ. ಕೂಡಿ ಆರಾಧಿಸಿ, ಕೂಡಿ ಕೊಟ್ಟು, ತಮ್ಮವನನ್ನು ಕಳಿಸಿ, ಅವನಿಗಾಗಿ ಹೆಸರು ಹಿಡಿದು ಪ್ರಾರ್ಥಿಸುವುದು ಆನ್‌ಲೈನ್ ವರ್ಗಾವಣೆಯಲ್ಲಿ ಬರೋದಿಲ್ಲ. ನಾನು ಈ ದೇಶಕ್ಕೆ ಹೊರಟ ಭಾನುವಾರ ಪಾಸ್ಟರ್ ಮುಂದೆ ಕರೆದು ಪ್ರಾರ್ಥಿಸಿದರು, ಸ್ತ್ರೀಯರೆಲ್ಲ ಕೈಹಿಡಿದು ಕಳಿಸಿಕೊಟ್ಟರು. ರಾತ್ರಿ ಡ್ಯೂಟಿಯಲ್ಲಿ ಭಾಷೆ ಬಾರದ ಮೊದಲ ದಿನಗಳಲ್ಲಿ ಸಾಯುತ್ತಿರುವವರ ಪಕ್ಕ ಕೂತಾಗ, ನನ್ನನ್ನು ಕಳಿಸಿದ ಒಂದು ಸಭೆ ಇದೆ ಅನ್ನುವುದೇ ನನಗೆ ಧೈರ್ಯ ಕೊಟ್ಟದ್ದು.

ಸಭೆಯ ದುಡ್ಡಿನ ಮೇಲೆ ನಿನಗೆ ನಂಬಿಕೆ ಇಲ್ಲ ಅನ್ನುವುದೂ ನನಗೆ ಗೊತ್ತು. ಜಮೀನು, ಬಾಡಿಗೆ, ಕೋರ್ಟು ಅಂತ ಕೇಳಿ ಕೇಳಿ ಬೇಸತ್ತಿದ್ದೀಯ. ಆ ನೋವು ನನಗೂ ಇದೆ. ಆದರೆ ಚಂದಾ ಬಾಕಿ ಇಟ್ಟವನಿಗೆ ವಾರ್ಷಿಕ ಸಭೆಯಲ್ಲಿ ಓಟಿಲ್ಲ. ನಿನ್ನಂಥ ಲೆಕ್ಕ ಬಲ್ಲ ಹುಡುಗರೆಲ್ಲ ದೂರ ನಿಂತರೆ ಲೆಕ್ಕ ಕೇಳುವವರು ಯಾರು? ಆಡಿಟ್ ವರದಿ ಓದುವ ದಿನ ಮುಂದಿನ ಬೆಂಚಿನಲ್ಲಿ ಕೂರು. ಅಸೆಸ್‌ಮೆಂಟ್ ಎಷ್ಟು, ಹಳ್ಳಿಸಭೆಗಳಿಗೆ ಎಷ್ಟು, ಬಡವರ ನಿಧಿಯಲ್ಲಿ ಉಳಿದದ್ದು ಎಷ್ಟು ಅಂತ ಎದ್ದು ಕೇಳು. ಅಪ್ಪನಿಗೆ ಮುಜುಗರವಾದರೂ ಪರವಾಗಿಲ್ಲ. ಅಪ್ಪ, ನೀವು ಬೇಜಾರು ಮಾಡಿಕೊಳ್ಳಬೇಡಿ, ಅವನು ಕೇಳಿದರೆ ನಿಮ್ಮ ಎಣಿಕೆಗೇ ಬೆಲೆ ಬರುತ್ತದೆ.

ಉತ್ತರದ ಮಿಷನರಿಗಳಿಗೆ ಕೊಡಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಮನೆಯ ಸಭೆಗೆ ನಿನ್ನ ಚಂದಾ ತಪ್ಪದೆ ಕಟ್ಟು, ದಶಮಾಂಶದ ದೊಡ್ಡ ಪಾಲು ಅಲ್ಲಿಗೇ ಹೋಗಲಿ. ಮಿಕ್ಕಿದ್ದನ್ನು ಅವರಿಗೆ ಕಳಿಸು. ಇನ್ನೂ ಒಂದು ಮಾಡಬಹುದು: ಆ ಮಿಷನರಿ ಕುಟುಂಬ ರಜೆಗೆ ದಕ್ಷಿಣಕ್ಕೆ ಬಂದಾಗ ನಮ್ಮ ಸಭೆಗೆ ಕರೆಸು, ಯುವಜನ ಕೂಟದಲ್ಲಿ ಮಾತಾಡಿಸು. ಆಗ ನೀನೊಬ್ಬನೇ ಕೊಡುವ ಬದಲು ಸಭೆಯೇ ಅವರನ್ನು ತನ್ನವರು ಅಂತ ಎತ್ತಿಕೊಳ್ಳಬಹುದು.

ಅಪ್ಪ, ನನ್ನ ಈ ತಿಂಗಳ ಕಾಣಿಕೆ ನಿಮ್ಮ ಅಕೌಂಟಿಗೆ ಹಾಕಿದ್ದೇನೆ. ಅರ್ಧ ಚಂದಾ, ಅರ್ಧ ಬಡವರ ನಿಧಿಗೆ. ರಸೀದಿ ಮನೆಯ ಹೆಸರಿನಲ್ಲೇ ಇರಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ನನ್ನ ಪರವಾಗಿ ಏನಾದರೂ ಒಂದು ಕೂಗಿ, ಹೋದ ಸಲದ ಹಾಗೆ ಕುಂಬಳಕಾಯಿಯಾದರೂ ಸರಿ, ತಿರುಗಿ ಹರಾಜಿಗೇ ಕೊಟ್ಟುಬಿಡಿ. ಅಮ್ಮ, ಬಿಸಿಲಲ್ಲಿ ಚಂದಾಕ್ಕೆ ನಡೆದೇ ಹೋಗಬೇಡ, ತಮ್ಮನ ಗಾಡಿಯಲ್ಲಿ ಹೋಗು. ಅವನೂ ನಿನ್ನ ಜೊತೆ ನಾಲ್ಕು ಮನೆ ಹತ್ತಿ ಇಳಿಯಲಿ.

ಅಜ್ಜಿಗೆ ನನ್ನ ವಂದನೆ ಹೇಳಿ.

ನಿಮ್ಮ ಪ್ರೀತಿಯ ಮಗಳು,
ನಿನ್ನ ಅಕ್ಕ