ಮಂಜಂಗೊಂದು ಪತ್ರ, ಪ್ಲೇಟ್‌ಲೆಟ್ ಲೆಕ್ಕದ ಸಮೇತ

ಲೋ ಮಂಜ,

ಫೋನಲ್ಲಿ ಹೇಳಿದ್ರೆ ಹ್ಞೂ ಹ್ಞೂ ಅಂದು ಮರೀತೀಯ, ಅದಕ್ಕೇ ಬರೀತಿದ್ದೀನಿ. ಎಲ್ಲರೂ ನೋಡೋ ಜಾಗದಲ್ಲೇ ಹಾಕ್ತಿದ್ದೀನಿ, ಇನ್ಯಾರದ್ದಾದ್ರೂ ಮನೆಗೆ ಉಪಯೋಗ ಆಗ್ಲಿ.

ಭಾವಂಗೆ ಬಂದಿರೋದು ಎಎಂಎಲ್, ಅಂದ್ರೆ ಒಂದು ಥರದ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯಲ್ಲೆಲ್ಲ ಬಲಿಯದ ಕಣಗಳೇ ತುಂಬ್ಕೊಂಡು ಒಳ್ಳೆ ರಕ್ತ ಹುಟ್ಟೋಕೆ ಜಾಗ ಇಲ್ಲ. ಏಳು ದಿನ ಸೈಟರಬಿನ್, ಅದರಲ್ಲಿ ಮೂರು ದಿನ ಡೌನೋರುಬಿಸಿನ್ ಅನ್ನೋ ಕೀಮೋ ಔಷಧಿ ಕೊಟ್ರೆ ಕೆಟ್ಟದ್ದರ ಜೊತೆ ಒಳ್ಳೇದೂ ಅಳಿಯುತ್ತೆ. ರಕ್ತಕಣಗಳ ಲೆಕ್ಕ, ಅಂದ್ರೆ ಕೌಂಟ್, ನೆಲ ಕಚ್ಚೋದು ಔಷಧಿ ಮುಗಿದ್ಮೇಲೆ. ಅಲ್ಲಿಂದ ಎರಡು ಮೂರು ವಾರ ಕಷ್ಟದ್ದು, ರಕ್ತ ಹೆಪ್ಪುಗಟ್ಟಿಸೋ ಕಣ, ಅಂದ್ರೆ ಪ್ಲೇಟ್‌ಲೆಟ್, ಬೇರೆಯವರಿಂದ ತಗೊಂಡು ಏರಿಸ್ಬೇಕು. "ಕೀಮೋ ಮುಗೀತು" ಅಂತ ಸಿಹಿ ಹಂಚ್ಬೇಡಿ.

ನೀನು ಕಳಿಸಿದ ಡೋನರ್ ಪಟ್ಟಿ ನೋಡ್ದೆ. ಹದಿನೈದು ಜನ, ಎಲ್ಲರೂ ಭಾನುವಾರ! ತೆಗೆದ ಪ್ಲೇಟ್‌ಲೆಟ್ ಐದೇ ದಿನ ಇರೋದು. ಅದೂ ಫ್ರಿಜ್ಜಲ್ಲಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸ್ತಾ ಇಡ್ಬೇಕು. ಹದಿನೈದೂ ಒಂದೇ ದಿನ ತಗೊಂಡು ಏನ್ಮಾಡ್ತೀಯ? ದಿನಕ್ಕಿಬ್ಬರ ಹಾಗೆ ಹಂಚು, ಒಬ್ಬರು ಕೊಡೋಕೆ, ಒಬ್ಬರು ಕೈಕೊಟ್ರೆ ಅಂತ. ಎಸ್‌ಡಿಪಿ, ಅಂದ್ರೆ ಒಬ್ಬರಿಂದಲೇ ಯಂತ್ರದಲ್ಲಿ ತೆಗೆಯೋ ಪ್ಲೇಟ್‌ಲೆಟ್, ಕೊಡೋರ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷ ದಾಟಿರ್ಬೇಕು, ಮೊಣಕೈ ಒಳಗಡೆ ನರ ದಪ್ಪ ಇರ್ಬೇಕು, ಮೂರು ದಿನದಿಂದ ಆಸ್ಪಿರಿನ್ ನುಂಗಿರ್ಬಾರ್ದು. ಯಂತ್ರದ ಪಕ್ಕ ಒಂದೂವರೆ ಗಂಟೆ ಮಲಗ್ಬೇಕು ಅಂತ ಮೊದಲೇ ಹೇಳು. ಗೊತ್ತಿಲ್ದೆ ಬಂದೋರು ಅರ್ಧಕ್ಕೇ ಎದ್ದು ಹೋಗ್ತಾರೆ.

ಪಟ್ಟಿಯಿಂದ ಭಾವನ ತಮ್ಮ, ತಂಗಿ ಹೆಸರು ತೆಗಿ. ಮುಂದೆ ಅಸ್ಥಿಮಜ್ಜೆ ಕಸಿ ಮಾಡೋದಾದ್ರೆ ಒಡಹುಟ್ಟಿದವರೇ ಮೊದಲು. ಒಬ್ಬೊಬ್ಬರೂ ಹೊಂದೋ ಸಾಧ್ಯತೆ ನಾಲ್ಕರಲ್ಲೊಂದು. ಈಗಲೇ ಅವರ ರಕ್ತ ಏರಿಸಿದ್ರೆ ಭಾವನ ದೇಹ ಅದರ ವಿರುದ್ಧ ತಿರುಗ್ಬಹುದು. ಅವರಲ್ಲಿ ಯಾರೂ ಹೊಂದದಿದ್ರೆ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ ಕಸಿ ದಾನಿಗಳ ನೋಂದಣಿ ಇದೆ. 18ರಿಂದ 55ರೊಳಗಿನ ಆರೋಗ್ಯವಂತರು ಕೆನ್ನೆ ಒಳಗಡೆ ಹತ್ತಿ ಉಜ್ಜಿ ಹೆಸರು ಕೊಡ್ಬಹುದು. ಓದ್ತಿರೋರೇ, ನಿಮಗೇ ಹೇಳಿದ್ದು.

ಮನೆಗೆ ಕಳಿಸಿದ್ಮೇಲೆ ಜ್ವರ 100.4 ಮುಟ್ಟಿದ್ರೆ, ಮಾತ್ರೆ ಕೊಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ. ರಾತ್ರಿ ಎರಡಾದ್ರೂ ಆಸ್ಪತ್ರೆಗೆ ಹೊರಡಿ. ಬಿಳಿ ಕಣ ಇಲ್ದಿದ್ದಾಗ ಸೋಂಕು ಗಂಟೆಗಳಲ್ಲೇ ಏರುತ್ತೆ. ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಬಿಲ್ ಕಟ್ಟೋಕೆ ಮುಂಚೆ ಕೇಳು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೋದಾದ್ರೆ ಉಳ್ಕೊಳ್ಳೋಕೆ ಧರ್ಮಶಾಲೆ ಇದೆ.

ಇಷ್ಟೆಲ್ಲ ಗೊತ್ತಿರೋ ನಾನು ನಿನ್ನ ಫೋನ್ ಬಂದ್ರೆ ಕೇಳೋದು "ಕೌಂಟ್ ಎಷ್ಟು?" ಅಂತ ಮಾತ್ರ. ನೀನು ಅಂಕಿ ಹೇಳ್ತೀಯ, ಇಬ್ಬರೂ ಪಾರು. ಅಕ್ಕ ಊಟ ಮಾಡಿದ್ಲಾ, ನೀನು ಮಲಗಿದ್ಯಾ ಅಂತ ಕೇಳೋಕೆ ಧೈರ್ಯ ಬರಲ್ಲ ಕಣೋ. ಕೇಳಿದ್ರೆ ನೀನು ಅಳ್ತೀಯ, ನೀನತ್ರೆ ನಾನೇನು ಮಾಡ್ಲಿ? ಅದಕ್ಕೆ ಯಾವ ಪುಸ್ತಕದಲ್ಲೂ ಡೋಸ್ ಬರೆದಿಲ್ಲ.

ಸಾಕು, ಜಾಸ್ತಿ ಆಯ್ತು.

ಗುರುವಾರಕ್ಕೆ ಎರಡು ಹೆಸರು ಕಳಿಸು. ನಿಂದು ಬೇಡ. ಸೂಜಿ ಕಂಡ್ರೆ ಬೀಳೋನು ನೀನು, ಆಮೇಲೆ ನಿಂಗೊಂದು ಬೆಡ್ ಹುಡುಕ್ಬೇಕು.

ನಿನ್ನ,
ಗುಂಡ