ಬಾಯಲ್ಲಿ ಉಳಿದ ಗಾಳ

ವಾಸ್ಕೋ
ಭಾನುವಾರ ಸಂಜೆ

ಪ್ರೀತಿಯ ತಮಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಯಾವ ರಾಡ್, ಯಾವ ರೀಲ್, ಎಷ್ಟು ದಪ್ಪದ ದಾರ ಅಂತ ಎರಡು ಪುಟ ಕೇಳಿದ್ದೀಯ. ಅದಕ್ಕೆಲ್ಲ ನನಗೆ ತಿಳಿದಷ್ಟು ಹೇಳಬಹುದು. ಆದರೆ ಕೊನೆಯಲ್ಲಿ, ಹೆಸರು ಹಾಕುವ ಮೊದಲು, ಒಂದು ಸಾಲು ಬರೆದಿದ್ದೀಯಲ್ಲ: 'ಮಾವ, ದಾರ ಕಡಿದು ಮೀನು ಗಾಳ ಬಾಯಲ್ಲಿ ಇಟ್ಟುಕೊಂಡೇ ಹೋದರೆ ಆಮೇಲೆ ಅದಕ್ಕೆ ಏನಾಗುತ್ತದೆ?' ಅದನ್ನು ಓದಿದ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬಿಪಿ ಇರಬೇಕು ಅಂದಳು ನಿನ್ನ ಅತ್ತೆ. ಹೌದು ಅಂದೆ.

ನೀನು ಈಗ ಯಾಕೆ ಮೀನು ಹಿಡಿಯಲು ಹೊರಟೆ, ಈ ವರ್ಷ ನಿಮ್ಮ ಮನೆಯಲ್ಲಿ ಏನೇನಾಯಿತು, ಅದೆಲ್ಲ ಗೊತ್ತಿದ್ದದ್ದೇ. ಅದರ ಮಾತು ಬೇಡ. ನಾಲ್ಕು ತಾಸು ನೀರಿನ ಎದುರು ಸುಮ್ನೆ ನಿಂತರೆ ಒಳ್ಳೆಯದೇ ಆಗುತ್ತದೆ.

ಮೊದಲು ಬೈಯುವುದನ್ನು ಬೈದುಬಿಡುತ್ತೇನೆ. ಅಂಗಡಿಯ ರಾಡಿನ ಮೇಲೆ 'ಬಾಸ್ ರಾಡ್' ಅಂತ ಬರೆದಿದೆ, ನಮ್ಮ ಹೊಳೆಯ ಚೊಣಕ್ ಮೀನು ಕೂಡ ಬಾಸೇ ಅಲ್ವಾ ಅಂತ ಕೇಳಿದ್ದೀಯ. ಅಲ್ಲ ಮಾರಾಯ. ನೀನು ರಾತ್ರಿಯೆಲ್ಲ ವಿಡಿಯೋದಲ್ಲಿ ನೋಡುವುದು ಅಮೆರಿಕದ ಲಾರ್ಜ್‌ಮೌತ್ ಬಾಸ್. ಅದು ಕೆರೆ, ಸರೋವರದ ಸಿಹಿನೀರಿನ ಮೀನು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಅನ್ನುವವನು ಹಿಡಿದದ್ದು 22 ಪೌಂಡ್ 4 ಔನ್ಸ್, ನಮ್ಮ ಲೆಕ್ಕದಲ್ಲಿ 10 ಕಿಲೋ ಚಿಲ್ಲರೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬ ಅದಕ್ಕೆ ಸಮ ಮಾಡಿದ. ಚೊಣಕ್‌ಗೆ ಇಂಗ್ಲಿಷ್‌ನಲ್ಲಿ ಏಷಿಯನ್ ಸೀ ಬಾಸ್ ಅನ್ನುತ್ತಾರೆ, ಆಸ್ಟ್ರೇಲಿಯಾದವರು ಬಾರಮಂಡಿ ಅನ್ನುತ್ತಾರೆ. ಹೆಸರಿನಲ್ಲಿ ಬಾಸ್ ಇದೆ ಅಷ್ಟೇ, ಸಂಬಂಧ ಇಲ್ಲ. ಇದು ಉಪ್ಪುನೀರಿಗೂ ಸೈ, ಸಿಹಿನೀರಿಗೂ ಸೈ. 10 ಕಿಲೋ ದಾಟಿ ಎಷ್ಟೋ ದೊಡ್ಡದಾಗಿ ಬೆಳೆಯುತ್ತದೆ. ಕೆರೆ ಮೀನಿನ ಸಾಮಾನು ಹಿಡಿದು ಇದರ ಎದುರು ನಿಂತರೆ ನೀನು ಹೆದರುತ್ತಿರುವುದೇ ಆಗುತ್ತದೆ.

ಮತ್ತೆ ಅಲ್ಲಿಗೇ ಬಂದೆ ನೋಡು.

ಹೇಳಿಬಿಡುತ್ತೇನೆ. ನಿನ್ನ ಅಮ್ಮನಿಗೆ ಈ ವಿಷಯ ಗೊತ್ತಿಲ್ಲ, ನೀನೂ ಹೇಳಬೇಡ. 1986, ಚೌತಿ ಕಳೆದು ಒಂದು ವಾರ ಆಗಿರಬೇಕು. ಆಗ ನನ್ನ ಹತ್ತಿರ ಒಂದು ಫೈಬರ್‌ಗ್ಲಾಸ್ ರಾಡ್ ಇತ್ತು. ಬಂದರಿಗೆ ಬಂದ ಹಡಗಿನ ಖಲಾಸಿ ಒಬ್ಬನಿಗೆ ಎರಡು ಬಾಟಲಿ ಕಾಜು ಫೆನಿ ಕೊಟ್ಟು ತಗೊಂಡದ್ದು. ಅದರ ಜೊತೆ ನಾಲ್ಕು ಒಳ್ಳೆಯ ಗಾಳ ಬಂದಿದ್ದವು. ಕುಠ್ಠಾಳಿ ಕಡೆ ಖಾಜನ್ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಮರದ ಬಾಗಿಲು ಇರುತ್ತದಲ್ಲ, ಇಲ್ಲಿಯವರು ಮಾನಸ್ ಅನ್ನುತ್ತಾರೆ, ಅಂಥದ್ದೊಂದರ ಹೊರಗೆ ನಿಂತಿದ್ದೆ. ಭರತಿ ಇಳಿಯಲು ಶುರುವಾದರೆ ಒಳಗಿನ ನೀರು ಬಾಗಿಲು ತಳ್ಳಿಕೊಂಡು ಹೊರಗೆ ಬರುತ್ತದೆ. ನೀರಿನ ಜೊತೆ ಸಿಗಡಿ ಬರುತ್ತದೆ. ಚೊಣಕ್ ಅಲ್ಲೇ ಕಾದಿರುತ್ತದೆ. ಅದು ಕಚ್ಚುವುದಿಲ್ಲ, ನೀರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. 'ಭೊಪ್' ಅಂತ ಸದ್ದು. ಒಂದು ಸಲ ಕೇಳಿದವನು ಮರೆಯುವುದಿಲ್ಲ.

ಆ ಸದ್ದು ಬಂತು. ಮೀನು ಹಾರಿತು, ತಲೆ ಕೊಡವಿತು. ನಾನು ಹಿಡಿದು ನಿಂತೆ. ಇಪ್ಪತ್ತು ಎಣಿಸುವಷ್ಟರಲ್ಲಿ ದಾರ ಹಗುರವಾಯಿತು.

ಸುತ್ತಿಕೊಂಡು ನೋಡಿದೆ. ದಾರದ ತುದಿ ಚೂರಿಯಿಂದ ಕೊಯ್ದ ಹಾಗೆ ಇರಲಿಲ್ಲ, ಸವೆದ ಹಗ್ಗದ ಹಾಗೆ ಒರಟಾಗಿತ್ತು. ಯಾಕೆ ಅಂತ ನನಗೆ ಆ ಕ್ಷಣವೇ ಗೊತ್ತು. ರಾಡಿನ ತುದಿಯಲ್ಲಿ ದಾರ ಹಾಯುವ ಉಂಗುರದಲ್ಲಿ ಕೂದಲೆಳೆಯಷ್ಟು ಗೀರು ಇತ್ತು. ಹದಿನೈದು ದಿನ ಮೊದಲೇ ಉಗುರಿಗೆ ಸಿಕ್ಕಿತ್ತು. ಮುಂದಿನ ತಿಂಗಳು ಬದಲಿಸಿದರಾಯ್ತು ಅಂದುಕೊಂಡಿದ್ದೆ. ಪ್ರತಿ ಸಲ ಎಸೆದಾಗ, ಪ್ರತಿ ಸಲ ಸುತ್ತಿದಾಗ ಆ ಗೀರು ದಾರವನ್ನು ಕೆರೆಯುತ್ತಿತ್ತು.

ಬಂದರಿನ ವರ್ಕ್‌ಶಾಪಿನಲ್ಲಿ ನನ್ನ ಕೆಲಸ ಏನು ಅಂತ ನಿನಗೆ ಗೊತ್ತಲ್ಲ. ಬೆಳಿಗ್ಗೆ ಎದ್ದರೆ ಕ್ರೇನಿನ ವೈರ್ ರೋಪ್ ನೋಡುವುದು. ಎರಡು ಎಳೆ ಬಿಟ್ಟಿದ್ದರೂ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬೇರೆಯವರ ಉಕ್ಕಿನ ಹಗ್ಗ ಅಷ್ಟು ನೋಡಿದವನು ನನ್ನ ದಾರ ನೋಡಲಿಲ್ಲ.

ಮೂರನೇ ದಿನ ಇಳಿತದಲ್ಲಿ ಮತ್ತೆ ಅಲ್ಲಿಗೆ ಹೋದೆ. ಮೊದಲು ವಾಸನೆ ಬಂತು. ಉಪ್ಪುನೀರಿನ ದಂಡೆಯ ಕಾಂಡ್ಲಾ ಗಿಡದ ಬೇರಿಗೆ ನನ್ನದೇ ದಾರ ಸುತ್ತಿಕೊಂಡಿತ್ತು, ನಾಲ್ಕು ಸುತ್ತು. ಅದರ ತುದಿಯಲ್ಲಿ ಮೀನು. ನನ್ನ ತೋಳಿನಷ್ಟು ಉದ್ದ. ಏಡಿಗಳು ಮೂತಿ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸುತ್ತಿದ್ದವು. ನಾನು ಮೂಗು ಮುಚ್ಚಿಕೊಂಡು ಇಳಿದೆ, ಗಾಳ ಬಿಡಿಸಿಕೊಂಡೆ. ವಿದೇಶದ ಗಾಳ, ಇಲ್ಲಿ ಸಿಗುತ್ತಿರಲಿಲ್ಲ. ತೊಳೆದು ಕಿಸೆಗೆ ಹಾಕಿಕೊಂಡೆ. ಮುಂದಿನ ವಾರ ಅದೇ ಗಾಳಕ್ಕೆ ಇನ್ನೊಂದು ಸಿಕ್ಕಿತು. ನಿನ್ನ ಅಮ್ಮ ಆಗ ನಮ್ಮಲ್ಲೇ ಇದ್ದಳು, ರವೆ ಹಚ್ಚಿ ಹುರಿದದ್ದನ್ನು ಎರಡು ತುಂಡು ಜಾಸ್ತಿ ತಿಂದಳು. ನಾನೂ ತಿಂದೆ.

ತಿನ್ನಲು ಹಿಡಿಯುವುದಕ್ಕೆ ನನ್ನ ತಕರಾರಿಲ್ಲ. ಸಾಯುವವರೆಗೂ ತಿನ್ನುತ್ತೇನೆ. ಆ ಬೇರಿಗೆ ಸುತ್ತಿಕೊಂಡದ್ದು ಯಾರ ಹೊಟ್ಟೆಗೂ ಆಗಲಿಲ್ಲ, ಅದು ಬೇರೆ. ಆಮೇಲೆ ಎಲ್ಲೋ ಓದಿದೆ: ಚೊಣಕ್ ಹುಟ್ಟುವಾಗ ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುತ್ತದಂತೆ. ಅಂದರೆ ದೊಡ್ಡವು ಹೆಚ್ಚಿನವು ತಾಯಂದಿರು. ಓದದೇ ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರುವುದು ಇಷ್ಟು. ಬರೀ ಗಾಳ ತುಟಿಯಲ್ಲಿ ಉಳಿದರೆ ಮೀನು ಬದುಕುವುದು ಉಂಟು, ಸಾದಾ ಉಕ್ಕಿನ ಗಾಳ ತುಕ್ಕು ಹಿಡಿದು ಸವೆಯುತ್ತದೆ. ಉದ್ದ ದಾರ ಹಿಂದೆ ಎಳೆದುಕೊಂಡು ಹೋದರೆ ಕಷ್ಟ. ಗಾಳಕ್ಕಿಂತ ದಾರವೇ ಕೊಲ್ಲುತ್ತದೆ. ಹೆದರುವುದಿದ್ದರೆ ಅದಕ್ಕೆ ಹೆದರು.

ಈಗ ಸಾಮಾನಿನ ಮಾತು. ಹೊಸ ಹೆಸರುಗಳು ನನಗೆ ತಿಳಿಯುವುದಿಲ್ಲ, ನಗಬೇಡ. ರಾಡ್ 7 ಅಡಿ ಸಾಕು, ಮೀಡಿಯಮ್ ಹೆವಿ ಅಂತ ಬರೆದಿರಬೇಕು. ಹಿಡಿಯ ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ಪೌಂಡಿನ ದಾರ, ಎಷ್ಟು ಗ್ರಾಂ ಎಸೆಯಬಹುದು ಅಂತ ಇರುತ್ತದೆ. ಬಣ್ಣ ಬಿಟ್ಟು ಅದನ್ನು ಓದು. ಎರಡು ತುಂಡಿನದು ತಗೋ, ಗೋವಾ ಎಕ್ಸ್‌ಪ್ರೆಸ್‌ನಲ್ಲಿ ತರಬೇಕಲ್ಲ. ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಚೂರು ಹತ್ತಿ ಇಟ್ಟುಕೋ. ಪ್ರತಿ ಉಂಗುರದೊಳಗೆ ಹತ್ತಿ ತಿರುಗಿಸು. ಒಂದು ಎಳೆ ಸಿಕ್ಕಿಕೊಂಡರೂ ಆ ರಾಡ್ ಬೇಡ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ರೀಲ್ ವಿಷಯ. ವಿಡಿಯೋದವರು ಕೈಯಲ್ಲಿ ಹಿಡಿಯುವ ಬೇಟ್‌ಕಾಸ್ಟರ್ ನಿನಗೆ ಈಗ ಬೇಡ. ಹೆಬ್ಬೆರಳು ಒಂದು ಕ್ಷಣ ತಪ್ಪಿದರೆ ದಾರವೆಲ್ಲ ಗುಬ್ಬಿಗೂಡು. ಗಂಟು ಬಿಡಿಸುವಾಗ ದಾರಕ್ಕೆ ಗಾಯ ಆಗುತ್ತದೆ, ಆ ಗಾಯ ಮೀನು ಸಿಕ್ಕಾಗ ಬಾಯಿ ಬಿಡುತ್ತದೆ. ಸ್ಪಿನ್ನಿಂಗ್ ರೀಲ್ ತಗೋ, 4000 ಸೈಜು, ಉಪ್ಪುನೀರಿಗೆ ಆಗುವಂಥದ್ದು. ದುಡ್ಡು ಜಾಸ್ತಿ ಹಾಕುವುದಿದ್ದರೆ ರಾಡಿಗಿಂತ ರೀಲಿಗೆ ಹಾಕು. ಅದರ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬಿಗಿ, ಎಳೆದು ನೋಡು. ಜಗ್ಗಿ ಜಗ್ಗಿ ಬಿಟ್ಟರೆ ಬೇಡ, ತುಪ್ಪ ಸುರಿದ ಹಾಗೆ ಬಿಡಬೇಕು.

ದಾರ 30 ಪೌಂಡ್ ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ. ನಿನ್ನ ಸ್ನೇಹಿತ 15 ಸಾಕು, ದೂರ ಹೋಗುತ್ತದೆ ಅಂದನಂತೆ. ದೂರ ಹೋಗುತ್ತದೆ, ನಿಜ. ಚಿಖಲಿ ಕಡೆಯ ಕಲ್ಲುಗಳ ಮೇಲೆ ಕಲ್ವಾ ಅನ್ನುವ ಸಿಂಪಿಯ ಚಿಪ್ಪು ಬ್ಲೇಡಿನ ಹಾಗೆ ಕೂತಿರುತ್ತದೆ, ಅಲ್ಲಿ 15 ಎಷ್ಟು ಹೊತ್ತು? ಬ್ರೇಡ್ ಹಿಗ್ಗುವುದಿಲ್ಲ, ಮೀನು ಉಸಿರಾಡಿದರೂ ಕೈಗೆ ತಿಳಿಯುತ್ತದೆ. ಆದರೆ ಉಜ್ಜಿದರೆ ಕರುಣೆ ಇಲ್ಲದೆ ಕಡಿಯುತ್ತದೆ. ಅದಕ್ಕೆ ಮುಂದೆ, ಗಾಳದ ಹತ್ತಿರ, ಎರಡು ಮೊಳ 40 ಪೌಂಡಿನ ಗಟ್ಟಿ ದಾರ ಕಟ್ಟು, ಅದಕ್ಕೆ ಲೀಡರ್ ಅನ್ನುತ್ತಾರೆ. ಚೊಣಕ್‌ನ ಬಾಯಿ ಉಪ್ಪುಕಾಗದದ ಹಾಗೆ, ಕಿವಿರಿನ ಮುಚ್ಚಳದ ಅಂಚು ಚೂರಿ. ಬೆರಳು ಹಾಕಬೇಡ. ಮೂರು ಕೊಕ್ಕೆಯ ಗಾಳ ಇದ್ದರೆ ತೆಗೆದು ಒಂಟಿ ಗಾಳ ಹಾಕು, ತುದಿಯ ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡು. ಕೆಲವು ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳಲಿ, ಗಾಳ ಇಲ್ಲದೆ ಹೋಗುತ್ತವಲ್ಲ. ನುಂಗಿಬಿಟ್ಟರೆ ಒಳಗೆ ಕೈ ಹಾಕಿ ಕೀಳಬೇಡ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡು.

ಡ್ರ್ಯಾಗ್ ಎಷ್ಟು ಬಿಗಿ ಮಾಡಬೇಕು ಅಂತ ನೀನು ಕೇಳಲೇ ಇಲ್ಲ. ಎಲ್ಲರೂ ಬ್ರ್ಯಾಂಡ್ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. 30 ಪೌಂಡ್ ಅಂದರೆ ಹದಿಮೂರೂವರೆ ಕಿಲೋ. ಅದರಲ್ಲಿ ಕಾಲು ಪಾಲು, ಮೂರು ಕಿಲೋ ಚಿಲ್ಲರೆ. ತೂಗು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ಅತ್ತ ಒಬ್ಬರು ಎಳೆಯಲಿ. ಮುಳ್ಳು ಮೂರು ದಾಟುವಾಗ ರೀಲ್ ದಾರ ಬಿಡಬೇಕು. ಮೀನು ಓಡಿ ದಾರ ಸುತ್ತಿದ ಸ್ಪೂಲ್ ಖಾಲಿಯಾದ ಹಾಗೆ ಎಳೆತ ತಾನಾಗಿಯೇ ಜಾಸ್ತಿಯಾಗುತ್ತದೆ, ಸುತ್ತು ಸಣ್ಣದಾಗುತ್ತದಲ್ಲ. ಆಗ ಹೆದರಿ ಇನ್ನೂ ಬಿಗಿ ಮಾಡಬೇಡ. ನಾನು 86ರಲ್ಲಿ ಅದನ್ನೂ ಮಾಡಿದ್ದೆ. ಗೀರಿನ ಮೇಲೆ ತಪ್ಪು ಹಾಕಿ ಇಷ್ಟು ವರ್ಷ ಕಳೆದೆ, ನಿಜ ಹೇಳಬೇಕೆಂದರೆ ಕೈಯದ್ದೂ ತಪ್ಪಿತ್ತು. ಬಿಟ್ಟಿದ್ದರೆ ಓಡಿ ಸುಸ್ತಾಗಿ ಬರುತ್ತಿತ್ತೋ ಏನೋ. ಹೋಗಿಬಿಡುತ್ತದೆ ಅಂತ ಹಿಡಿದೆ, ಹಿಡಿದದ್ದಕ್ಕೇ ಹೋಯಿತು.

ಇದೆಲ್ಲ ಮಾಡಿದ ಮೇಲೂ ಒಂದೊಂದು ಕಡಿಯುತ್ತದೆ. ಕಡಿಯುವುದಿಲ್ಲ ಅಂತ ನಿನಗೆ ಸುಳ್ಳು ಹೇಳುವುದಿಲ್ಲ. ಕಡಿದ ದಿನ ಮನೆಗೆ ಬಂದು ಬೇಕಾದರೆ ಊಟ ಬಿಡು. ನಾನು ಬಿಟ್ಟಿರಲಿಲ್ಲ.

ನೀನು ಒಂದು ಮೀನೂ ಹಿಡಿಯುವ ಮೊದಲೇ ಇದನ್ನು ಕೇಳಿದೆ. ನನಗೆ ಆ ಪ್ರಶ್ನೆ ಬಂದದ್ದು ಏಡಿಗಳನ್ನು ನೋಡಿದ ಮೇಲೆ. ಈ ಪತ್ರ ಸರಿಯಾಗಿ ಬರೆಯಲು ಆಗದಿರುವುದಕ್ಕೆ ಅದೇ ಕಾರಣ ಇರಬೇಕು. ಬುದ್ಧಿ ಹೇಳಲು ಕೂತವನು ನಿನ್ನ ಹತ್ತಿರ ತಪ್ಪೊಪ್ಪಿಕೊಂಡ ಹಾಗಾಯಿತು.

ದೀಪಾವಳಿ ಆದ ಮೇಲೆ ಬರುತ್ತೇನೆ ಅಂದಿದ್ದೀಯ. ಸ್ನೇಹಿತರ ಜೊತೆ ನೇರ ನದಿಗೆ ಹೋಗಬೇಡ, ಒಂದು ರಾತ್ರಿ ಮನೆಗೆ ಬಾ. ಮಂಡಿ ನೋವಿನಲ್ಲಿ ನಾನು ದಂಡೆಗೆ ಇಳಿಯಲಾರೆ, ಆದರೆ ಜಗಲಿಯಲ್ಲಿ ಕೂತು ಉಂಗುರ ನೋಡಬಲ್ಲೆ. ತಕ್ಕಡಿಯೂ ನಮ್ಮಲ್ಲಿದೆ, ಅತ್ತೆ ಅದರಲ್ಲಿ ಕಾಜು ತೂಗುತ್ತಾಳೆ. ನನ್ನ ಹಳೆಯ ರಾಡ್ ಕೇಳಬೇಡ. ಅಟ್ಟದ ಮೇಲೆ ಇದೆ, ತುದಿಯ ಉಂಗುರ ಇನ್ನೂ ಬದಲಿಸಿಲ್ಲ.

ನಿನ್ನ ಮಾವ